ಮೆಡಿಕಲ್ ಅಂಗಡಿ ಮತ್ತು ಗ್ರಾಮೀಣ ಲೈಂಗಿಕ ಆರೋಗ್ಯ: ಗೋವಾದ ಚಿತ್ರ

ಏನಿದು?

ಸರ್ಕಾರದ ಪರವಾನಗಿ ಪಡೆದು, ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ಔಷಧ ಮಾರುವ ಸ್ಥಳವೇ ಔಷಧ ಅಂಗಡಿ. ಆಡುಮಾತಿನಲ್ಲಿ ಅದು ಬರಿಯ ‘ಮೆಡಿಕಲ್’. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಗಳ ಮಾತ್ರೆಗಳು ಸಿಗುವ ಕಪಾಟುಗಳಲ್ಲೇ ಕಾಂಡೋಮ್, ಗರ್ಭನಿರೋಧಕ ಗುಳಿಗೆ, ಗರ್ಭ ಪರೀಕ್ಷೆಯ ಕಿಟ್, ಸ್ಯಾನಿಟರಿ ಪ್ಯಾಡ್, ಸಿರಿಂಜುಗಳೂ ಇರುತ್ತವೆ. ಹೀಗಾಗಿ ಯಾರೂ ಅಧಿಕೃತವಾಗಿ ವಹಿಸಿಕೊಡದಿದ್ದರೂ ಲೈಂಗಿಕ ಆರೋಗ್ಯದ ಮೊದಲ ಮೆಟ್ಟಿಲಿನ ಕೆಲಸವನ್ನು ಈ ಅಂಗಡಿ ಮಾಡುತ್ತಲೇ ಬಂದಿದೆ.

ಹಾನಿ ತಗ್ಗಿಸುವಿಕೆ ಎಂಬುದು ಸಾರ್ವಜನಿಕ ಆರೋಗ್ಯದ ಒಂದು ವಿಧಾನ. ಅಪಾಯಕರ ನಡವಳಿಕೆಯನ್ನು ಎಲ್ಲರೂ ಒಮ್ಮೆಗೇ ಬಿಡಲಾರರು ಎಂಬುದನ್ನು ಒಪ್ಪಿಕೊಂಡು, ಅದರಿಂದಾಗುವ ಕೇಡನ್ನಾದರೂ ಕಡಿಮೆ ಮಾಡುವುದು ಅದರ ಗುರಿ. ಬೈಕ್ ಓಡಿಸುವುದನ್ನು ನಿಷೇಧಿಸದೆ ಹೆಲ್ಮೆಟ್ ಕಡ್ಡಾಯ ಮಾಡುವುದರ ಹಿಂದಿನ ತರ್ಕವೂ ಇದೇ. ಲೈಂಗಿಕ ಸಂಪರ್ಕಕ್ಕೆ ಕಾಂಡೋಮ್, ಮಾದಕವಸ್ತುವನ್ನು ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ, ಅಫೀಮು ವರ್ಗದ ಚಟಕ್ಕೆ ವೈದ್ಯರ ನಿಗಾದಲ್ಲಿ ಬದಲಿ ಔಷಧ: ಇವು ಅದರ ಪರಿಚಿತ ಸಾಧನಗಳು.

ಲೈಂಗಿಕ ಆರೋಗ್ಯ ಮತ್ತು ಹಾನಿ ತಗ್ಗಿಸುವಿಕೆ ಎರಡೂ ಕೂಡುವ ಜಾಗವೇ ಮೆಡಿಕಲ್‌ನ ಕೌಂಟರು. ಅದರ ಪಾತ್ರವನ್ನು ವಿಸ್ತರಿಸಬೇಕು ಎಂದಾಗ ಫಾರ್ಮಸಿಸ್ಟರನ್ನು ವೈದ್ಯರನ್ನಾಗಿ ಮಾಡಬೇಕು ಎಂದು ಕೆಲವರು ತಿಳಿಯುವುದುಂಟು. ಅದು ತಪ್ಪು ತಿಳಿವಳಿಕೆ. ಸರಿಯಾದ ವಸ್ತುವನ್ನು ಕೊಡುವುದು, ಬಳಸುವ ಕ್ರಮವನ್ನು ತಿಳಿಸಿ ಹೇಳುವುದು, ಪರೀಕ್ಷೆ ಅಗತ್ಯವಿದ್ದವರನ್ನು ಸರಿಯಾದ ಆಸ್ಪತ್ರೆಗೆ ಕಳಿಸುವುದು ಇಲ್ಲಿನ ಕೆಲಸ. ಮಾತು ಅಂಗಡಿಯಿಂದ ಆಚೆ ಹೋಗದಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ.

ಗೋವಾವನ್ನೇ ಏಕೆ ನೋಡಬೇಕು

2011ರ ಜನಗಣತಿಯ ಪ್ರಕಾರ ಗೋವಾದ ಶೇ. 62ರಷ್ಟು ಜನ ಪಟ್ಟಣವಾಸಿಗಳು. ಆದರೆ ಈ ಸರಾಸರಿ ಸತ್ತರಿ, ಸಾಂಗೆ, ಧಾರಬಾಂದೋಡಾ, ಕಾಣಕೋಣ ತಾಲ್ಲೂಕುಗಳ ಘಟ್ಟದ ಅಂಚಿನ ಹಳ್ಳಿಗಳ ಸ್ಥಿತಿಯನ್ನು ಹೇಳುವುದಿಲ್ಲ. ಅದೇ ಜನಗಣತಿಯಲ್ಲಿ ರಾಜ್ಯದ ಸುಮಾರು ಶೇ. 4.6ರಷ್ಟು ಜನ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಇವರಲ್ಲಿ ಬಹಳಷ್ಟು ಮಂದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೋ ಕಾರ್ಖಾನೆಗೋ ಬಂದವರು. ವಾಸ್ಕೊ ಸಮೀಪದ ಝುವಾರಿನಗರ ಇಂಥವರ ದೊಡ್ಡ ನೆಲೆ.

ಗೋವಾಕ್ಕೆ ಮತ್ತೊಂದು ವಿಶೇಷವಿದೆ. 2005ರಲ್ಲಿ ಆರಂಭವಾದ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ದೇಶದ ಉಳಿದ ರಾಜ್ಯಗಳಲ್ಲಿದ್ದರೂ ಗೋವಾದಲ್ಲಿ ಇಲ್ಲ ಎಂದು ರಾಷ್ಟ್ರೀಯ ಆರೋಗ್ಯ ಅಭಿಯಾನದ ದಾಖಲೆಗಳೇ ಹೇಳುತ್ತವೆ. ಇದು ಸಣ್ಣ ವ್ಯತ್ಯಾಸವಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಗರ್ಭನಿರೋಧಕಗಳನ್ನು ಮನೆಬಾಗಿಲಿಗೆ ತಲುಪಿಸುವ ಯೋಜನೆ ಆರಂಭಿಸಿದಾಗ ಆ ಹೊಣೆ ಹೊತ್ತವರು ಆಶಾ ಕಾರ್ಯಕರ್ತೆಯರು. 1 ರೂಪಾಯಿಗೆ ಮೂರು ಕಾಂಡೋಮ್, 1 ರೂಪಾಯಿಗೆ ಒಂದು ತಿಂಗಳ ಗುಳಿಗೆ, 2 ರೂಪಾಯಿಗೆ ತುರ್ತು ಗುಳಿಗೆ. ಖಾನಾಪುರ ತಾಲ್ಲೂಕಿನ ಹಳ್ಳಿಯ ಸೊಸೆಗೆ ಇದನ್ನು ತಂದುಕೊಡಲು ಊರಿನ ಪರಿಚಿತ ಹೆಣ್ಣುಮಗಳೊಬ್ಬಳಿದ್ದಾಳೆ. ಚೋರ್ಲಾ ಘಾಟಿ ಇಳಿದು ಸತ್ತರಿಗೆ ಬಂದರೆ ಆ ಕೊಂಡಿ ಕಾಣುವುದಿಲ್ಲ. ಉಪಕೇಂದ್ರದ ನರ್ಸು, ಅಂಗನವಾಡಿ ಕಾರ್ಯಕರ್ತೆ ಇದ್ದಾರೆ. ಅವರನ್ನು ಬಿಟ್ಟರೆ ಉಳಿಯುವುದು ಮೆಡಿಕಲ್ಲೇ.

ಹಿನ್ನೆಲೆ

ಔಷಧ ಮಾರಾಟವನ್ನು ಕಲಿತು ಮಾಡಬೇಕಾದ ವೃತ್ತಿ ಎಂದು ಕಾಣುವ ರೂಢಿ ಗೋವಾದಲ್ಲಿ ಹಳೆಯದು. ಪೋರ್ಚುಗೀಸರು 1842ರಲ್ಲಿ ಪಣಜಿಯಲ್ಲಿ ಸ್ಥಾಪಿಸಿದ ವೈದ್ಯಕೀಯ ಶಾಲೆಯಲ್ಲಿ ಔಷಧಶಾಸ್ತ್ರವನ್ನೂ ಕಲಿಸಲಾಗುತ್ತಿತ್ತು. ವಿಮೋಚನೆಯ ನಂತರ, 1963ರಲ್ಲಿ, ಸರ್ಕಾರಿ ಫಾರ್ಮಸಿ ಕಾಲೇಜು ಪ್ರತ್ಯೇಕವಾಗಿ ರೂಪುಗೊಂಡಿತು. ಪಣಜಿ, ಮಡಗಾಂವ್‌ಗಳ ಕೆಲವು ಅಂಗಡಿಗಳ ಫಲಕಗಳಲ್ಲಿ ‘ಫಾರ್ಮಾಸಿಯಾ’ ಎಂಬ ಪೋರ್ಚುಗೀಸ್ ಪದ ಇಂದಿಗೂ ಉಳಿದಿದೆ.

ಲೈಂಗಿಕ ಆರೋಗ್ಯದ ಚರಿತ್ರೆಯಲ್ಲಿ ಗೋವಾದ ಹೆಸರು ಬರುವುದು ಮಾತ್ರ ನೋವಿನ ಕಾರಣಕ್ಕೆ. 1987ರಲ್ಲಿ ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಿದ್ದುಪಡಿ ಬಂದು, ಎಚ್‌ಐವಿ ಸೋಂಕಿತರನ್ನು ಪ್ರತ್ಯೇಕವಾಗಿ ಕೂಡಿಡಲು ಅವಕಾಶವಾಯಿತು. 1989ರ ಫೆಬ್ರವರಿಯಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಪೊಲೀಸರು ಕರೆದೊಯ್ದು ಮಾಪುಸಾದ ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಇರಿಸಿದರು. ರಕ್ತದಾನ ಮಾಡಿದ್ದರಿಂದ ಅವರ ಸೋಂಕು ಪತ್ತೆಯಾಗಿತ್ತು. ತಾಯಿ ಲೂಸಿ ಡಿಸೋಜಾ ಬಾಂಬೆ ಹೈಕೋರ್ಟಿನ ಮೊರೆ ಹೋದರು. ಡೊಮಿನಿಕ್ 1992ರಲ್ಲಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷ ತೀರಿಕೊಂಡರು. ಪರೀಕ್ಷೆಯ ಹಿಂದೆಯೇ ಪೊಲೀಸರು ಬರುವುದಾದರೆ ಯಾರೂ ಪರೀಕ್ಷೆಗೆ ಬರುವುದಿಲ್ಲ ಎಂಬುದನ್ನು ಈ ಪ್ರಕರಣ ಇಡೀ ದೇಶಕ್ಕೆ ಕಲಿಸಿತು.

ಎರಡನೆಯ ಪ್ರಸಂಗ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ವಾಸ್ಕೊದ ಬೈನಾ ಕಡಲತೀರದ ವೇಶ್ಯಾವಾಟಿಕೆಯಲ್ಲಿದ್ದ ಮಹಿಳೆಯರಲ್ಲಿ ಉತ್ತರ ಕರ್ನಾಟಕದವರ ಸಂಖ್ಯೆ ದೊಡ್ಡದಿತ್ತು. ಅವರಲ್ಲಿ ದೇವದಾಸಿ ಮನೆತನಗಳಿಂದ ಬಂದವರೂ ಇದ್ದರು. ಕರ್ನಾಟಕ 1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿದ್ದರೂ ವಲಸೆ ನಿಂತಿರಲಿಲ್ಲ. 2004ರ ಜೂನ್ 14ರಂದು, ಮುಂಗಾರಿನ ನಡುವೆ, ಬೈನಾದ ಮನೆಗಳನ್ನು ನೆಲಸಮ ಮಾಡಲಾಯಿತು. ಮಹಿಳೆಯರು ಚದುರಿಹೋದರು, ಒಂದೇ ಕಡೆ ಕಾಂಡೋಮ್ ಹಂಚುತ್ತಿದ್ದ, ತಪಾಸಣೆ ನಡೆಸುತ್ತಿದ್ದ ಕಾರ್ಯಕ್ರಮಗಳ ಕೈಗೆ ಸಿಗದಾದರು. ನೆಲಸಮದ ನಂತರ ಗೋವಾದಲ್ಲಿ 326 ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆದ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ ಇರುವುದು ಕಂಡುಬಂತು. ಒಂದು ಬೀದಿಯಲ್ಲಿರುವವರನ್ನು ತಲುಪಲು ಸ್ವಯಂಸೇವಾ ಸಂಸ್ಥೆಯ ಒಂದು ಕೊಠಡಿ ಸಾಕಾಗುತ್ತದೆ. ಹತ್ತು ಊರುಗಳಿಗೆ ಹರಡಿಹೋದವರನ್ನು ತಲುಪಲು ಹತ್ತು ಊರುಗಳಲ್ಲೂ ಇರುವ ಬಾಗಿಲೇ ಬೇಕು.

ಕಾನೂನು ಏನು ಹೇಳುತ್ತದೆ

1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ 1948ರ ಫಾರ್ಮಸಿ ಕಾಯ್ದೆ ಈ ಕ್ಷೇತ್ರದ ಎರಡು ಕಂಬಗಳು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು ಅಥವಾ ಅವರ ಎದುರಿನಲ್ಲೇ ಕೊಡಬೇಕು. ಫಾರ್ಮಸಿ ಡಿಪ್ಲೊಮಾ ಎರಡು ವರ್ಷಗಳದ್ದು. ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಫಾರ್ಮಸಿ ಕೌನ್ಸಿಲ್‌ನ 2015ರ ನಿಯಮಾವಳಿ ರೋಗಿಗೆ ತಿಳಿವಳಿಕೆ ನೀಡುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಸಾರಿದೆ. ಅಂದರೆ ‘ಪಾತ್ರ ವಿಸ್ತರಣೆ’ ಎಂದು ಇಂದು ಕರೆಯುತ್ತಿರುವುದರ ಅರ್ಧಭಾಗ ಈಗಾಗಲೇ ಕಾನೂನಿನಲ್ಲಿದೆ.

ಔಷಧಗಳನ್ನು ಕಾನೂನು ಅನುಸೂಚಿಗಳಾಗಿ ವಿಂಗಡಿಸುತ್ತದೆ. ‘ಎಚ್’ ಅನುಸೂಚಿಯ ಔಷಧಕ್ಕೆ ವೈದ್ಯರ ಚೀಟಿ ಬೇಕು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಎಚ್1’ ಅನುಸೂಚಿ ಇನ್ನೂ ಬಿಗಿ: ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಗೊನೊರಿಯಾಕ್ಕೆ ಬಳಸುವ ಸೆಫಿಕ್ಸಿಮ್ ಈ ಪಟ್ಟಿಯಲ್ಲಿದೆ. ಚಟ ಹತ್ತಿಸಬಲ್ಲ ಟ್ರಮಡಾಲ್ ಕೂಡ ಇದೆ. ಕಾಂಡೋಮಿಗೆ ಮತ್ತು ತುರ್ತು ಗರ್ಭನಿರೋಧಕ ಗುಳಿಗೆಗೆ ಚೀಟಿ ಬೇಡ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಯಾಯಿತು. ಒಪ್ಪಿಗೆ ಇಲ್ಲದೆ ಪರೀಕ್ಷೆ ಕೂಡದು, ಸೋಂಕಿನ ವಿಷಯವನ್ನು ಬಹಿರಂಗಪಡಿಸಬಾರದು ಎಂಬುದು ಅದರ ಪ್ರಸಿದ್ಧ ಭಾಗ. ಅಷ್ಟು ಪ್ರಸಿದ್ಧವಲ್ಲದ 22ನೇ ಕಲಮು ಇಲ್ಲಿ ಮುಖ್ಯ: ಕೇಂದ್ರದ ಮಾರ್ಗಸೂಚಿಯಂತೆ ಎಚ್‌ಐವಿ ಅಪಾಯ ತಗ್ಗಿಸಲು ಮಾಡುವ ಕೆಲಸ ಅಪರಾಧವಾಗುವುದಿಲ್ಲ. ಲೈಂಗಿಕ ಕಾರ್ಯಕರ್ತೆಗೆ ಕಾಂಡೋಮ್ ಕೊಡುವುದನ್ನೂ ಚುಚ್ಚುವವರಿಗೆ ಶುದ್ಧ ಸೂಜಿ ಒದಗಿಸುವುದನ್ನೂ ಕಾಯ್ದೆಯೇ ಉದಾಹರಣೆಯಾಗಿ ಕೊಟ್ಟಿದೆ. ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲು ಗೋವಾದಲ್ಲಿ ಸೋಂಕಿತನನ್ನು ಕೂಡಿಟ್ಟಿದ್ದ ಕಾನೂನಿನ ಪಕ್ಕದಲ್ಲಿಟ್ಟು ಓದಿದರೆ ಈ ಕಲಮಿನ ತೂಕ ತಿಳಿಯುತ್ತದೆ.

ಕೌಂಟರಿನಲ್ಲಿ ನಡೆಯುವುದು

ಸಂಜೆಯ ಹೊತ್ತು ಯಾವ ಹಳ್ಳಿಯ ಮೆಡಿಕಲ್ ಎದುರು ನಿಂತರೂ ಒಂದು ದೃಶ್ಯ ಕಾಣಸಿಗುತ್ತದೆ. ಒಬ್ಬ ಗಿರಾಕಿ ಬಂದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಹಿಂದೆ ಬಂದವರಿಗೆ ‘ನೀವು ತಗೋರಿ’ ಎಂದು ದಾರಿ ಬಿಡುತ್ತಾನೆ, ಅಂಗಡಿ ಖಾಲಿಯಾದ ಮೇಲೆ ದನಿ ತಗ್ಗಿಸಿ ಕೇಳುತ್ತಾನೆ. ಕೇಳಿದ ವಸ್ತು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕರಿ ಚೀಲದಲ್ಲಿ ಕೈಸೇರುತ್ತದೆ. ಹೆಂಗಸರು ಹಲವೊಮ್ಮೆ ಹೆಸರನ್ನೇ ಹೇಳುವುದಿಲ್ಲ. ಖಾಲಿ ರಟ್ಟಿನ ಪೊಟ್ಟಣವನ್ನು ತೋರಿಸಿ ‘ಅಣ್ಣಾರ, ಇಂಥಾದ್ದೇ ಒಂದು ಕೊಡ್ರಿ’ ಎನ್ನುತ್ತಾರೆ. ಇಡೀ ವ್ಯವಹಾರ ಒಂದು ನಿಮಿಷದ್ದು. ಆ ಒಂದು ನಿಮಿಷದಲ್ಲಿ ಏನು ಹೇಳಲಾಯಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಕಾಂಡೋಮ್. ಸರ್ಕಾರ 1968ರಲ್ಲಿ ‘ನಿರೋಧ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಮೂರಕ್ಕೆ 15 ಪೈಸೆ. ಚಹಾ, ಸಾಬೂನು ಮಾರುವ ದೊಡ್ಡ ಕಂಪನಿಗಳ ವಿತರಣಾ ಜಾಲದ ಮೂಲಕ ಅದು ಹಳ್ಳಿಯ ಕಿರಾಣಿ ಅಂಗಡಿಗೂ ಹೋಯಿತು. ಕನ್ನಡದಲ್ಲಿ ಆ ಹೆಸರೇ ವಸ್ತುವಿನ ಹೆಸರಾಗಿಬಿಟ್ಟಿತು. ಕೊಡುವಾಗ ಹೇಳಬೇಕಾದ ಮಾತು ಕಡಿಮೆ, ಆದರೆ ಬಿಡುವಂತಿಲ್ಲ. ಅವಧಿ ಮುಗಿಯುವ ದಿನಾಂಕ ನೋಡಬೇಕು. ಬಿಸಿಲಿನಲ್ಲಿ, ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು. ಕರಾವಳಿಯಲ್ಲಿ ವಿಶೇಷವಾಗಿ ಹೇಳಬೇಕಾದದ್ದು ಕೊಬ್ಬರಿ ಎಣ್ಣೆಯ ವಿಷಯ. ಯಾವುದೇ ಎಣ್ಣೆ ತಗುಲಿದರೆ ಲೇಟೆಕ್ಸ್ ನಿಮಿಷಗಳಲ್ಲೇ ದುರ್ಬಲವಾಗಿ ಹರಿಯುತ್ತದೆ.

ತುರ್ತು ಗರ್ಭನಿರೋಧಕ ಗುಳಿಗೆ. 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಒಂದೇ ಗುಳಿಗೆ ಇದು. ಅಸುರಕ್ಷಿತ ಸಂಪರ್ಕದ ನಂತರ 72 ಗಂಟೆಗಳೊಳಗೆ ನುಂಗಬೇಕು. ಬೇಗ ನುಂಗಿದಷ್ಟೂ ಫಲ ಹೆಚ್ಚು. ಅಂಡಾಣು ಬಿಡುಗಡೆಯನ್ನು ಮುಂದೂಡುವುದು ಇದರ ಕೆಲಸ. ಈಗಾಗಲೇ ನಿಂತ ಗರ್ಭವನ್ನು ಇದು ತೆಗೆಯಲಾರದು. ಗರ್ಭಪಾತದ ಗುಳಿಗೆ ಎಂದು ಇದನ್ನು ಕರೆಯುವುದು ಅಜ್ಞಾನ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕಾಗುತ್ತದೆ. ಮುಂದಿನ ಮುಟ್ಟು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು. ಲೈಂಗಿಕ ಸೋಂಕುಗಳಿಂದ ಇದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಇಷ್ಟರ ಜೊತೆ ಒಂದು ಪ್ರಶ್ನೆ ಕೇಳುವ ಅಭ್ಯಾಸ ಫಾರ್ಮಸಿಸ್ಟರಿಗಿರಬೇಕು: ‘ಬೇರೆ ಏನಾದರೂ ಔಷಧ ತಗೊಳ್ತಿದ್ದೀರಾ?’ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ದೇಹದಲ್ಲಿ ಹಾರ್ಮೋನ್ ಗುಳಿಗೆಯ ಬಲವನ್ನು ಕುಂದಿಸುತ್ತವೆ. ಅಂಥವರು ಗುಳಿಗೆಯನ್ನೇ ನಂಬಿ ಕೂರದೆ ಕೂಡಲೇ ವೈದ್ಯರನ್ನು ಕಾಣಬೇಕು. ಈ ಎಚ್ಚರಿಕೆ ಕೊಡಲು ಔಷಧಶಾಸ್ತ್ರ ಓದಿದವರೇ ಬೇಕು. ಕಿರಾಣಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಗರ್ಭಪಾತದ ಗುಳಿಗೆ. ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಕೂಡಿದ ಪೊಟ್ಟಣ ಬೇರೆಯೇ ವಸ್ತು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ ಒಂಬತ್ತು ವಾರಗಳವರೆಗೆ, ಅರ್ಹ ವೈದ್ಯರ ಚೀಟಿಯ ಮೇಲೆ ಮಾತ್ರ ಇದನ್ನು ಕೊಡಬೇಕು. ವಾಸ್ತವ ಬೇರೆ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅವುಗಳಲ್ಲಿ ಶೇ. 73ರಷ್ಟು ಆಸ್ಪತ್ರೆಗಳ ಹೊರಗೆ ಗುಳಿಗೆಗಳಿಂದಲೇ ನಡೆದವು ಎಂದು ಲ್ಯಾನ್ಸೆಟ್ ಸಮೂಹದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಗುಳಿಗೆ ತಾನಾಗಿ ಅಪಾಯಕರವಲ್ಲ. ಯಾರು, ಯಾವಾಗ, ಎಷ್ಟು ನುಂಗುತ್ತಾರೆ ಎಂಬುದರಲ್ಲಿ ಅಪಾಯವಿದೆ. ಗರ್ಭಕೋಶದ ಬದಲು ಗರ್ಭನಾಳದಲ್ಲಿ ನಿಂತ ಗರ್ಭಕ್ಕೆ ಇದು ನಾಟುವುದಿಲ್ಲ. ಆ ನಾಳ ಒಡೆದರೆ ಜೀವಕ್ಕೇ ಕುತ್ತು. ಚೀಟಿ ಇಲ್ಲದೆ ಬಂದವಳನ್ನು ‘ಇಲ್ಲ ಹೋಗಿ’ ಎಂದು ಅಟ್ಟಿದರೆ ಆಕೆ ಮುಂದಿನ ಅಂಗಡಿಗೆ ಹೋಗುತ್ತಾಳೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೇವೆ ಕಾನೂನುಬದ್ಧವಾಗಿ ಸಿಗುತ್ತದೆ, ಹೆಸರು ಗುಟ್ಟಾಗಿರುತ್ತದೆ ಎಂದು ಎರಡು ಮಾತು ಹೇಳಿ ಕಳಿಸುವುದೇ ಇಲ್ಲಿ ಫಾರ್ಮಸಿಸ್ಟರು ಮಾಡಬಲ್ಲ ಉಪಕಾರ.

‘ಬಿಳಿಮುಟ್ಟು’ ಮತ್ತು ‘ಉರಿಮೂತ್ರ’. ಇವು ಕೌಂಟರಿಗೆ ಬರುವ ಅತಿ ಸಾಮಾನ್ಯ ದೂರುಗಳು. ಇಲ್ಲಿ ಗೋವಾದ್ದೇ ಒಂದು ಅಧ್ಯಯನ ಬೆಳಕು ಚೆಲ್ಲುತ್ತದೆ. ಬಾರ್ದೇಶ ತಾಲ್ಲೂಕಿನ ಆಲ್ಡೋನಾ ಪ್ರದೇಶದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಹೋದ್ಯೋಗಿಗಳು ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿದರು. ಬಿಳಿಮುಟ್ಟಿನ ದೂರು ಹೇಳಿದ ಬಹಳಷ್ಟು ಮಹಿಳೆಯರಲ್ಲಿ ಲೈಂಗಿಕವಾಗಿ ಹರಡುವ ರೋಗ ಇರಲಿಲ್ಲ. ಸೋಂಕು ಇದ್ದಲ್ಲಿಯೂ ಹೆಚ್ಚಿನವು ಯೋನಿಯ ಸಹಜ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದು ಅಥವಾ ಕ್ಯಾಂಡಿಡಾ ಶಿಲೀಂಧ್ರ. ಆತಂಕ, ಖಿನ್ನತೆ, ಮನೆಯೊಳಗಿನ ಸಂಕಟಗಳಿಗೂ ಈ ದೂರಿಗೂ ಗಟ್ಟಿ ನಂಟು ಕಂಡುಬಂತು. ಅಂದರೆ ‘ಬಿಳಿಮುಟ್ಟು’ ಎಂದು ಕೇಳಿದ ಕೂಡಲೇ ಮೂರು ಬಗೆಯ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸುವ ಪದ್ಧತಿ ಔಷಧವನ್ನೂ ಹಣವನ್ನೂ ವ್ಯರ್ಥ ಮಾಡುತ್ತದೆ. ಗಂಡನ ಮೇಲೆ ಇಲ್ಲದ ಸಂಶಯವನ್ನೂ ಹುಟ್ಟಿಸಬಹುದು.

ಪುರುಷರ ಉರಿಮೂತ್ರ, ಕೀವು, ಹುಣ್ಣುಗಳ ಪಾಡು ತಿರುಗುಮುರುಗು. ಅಲ್ಲಿ ಲೈಂಗಿಕ ಸೋಂಕಿನ ಸಾಧ್ಯತೆ ಹೆಚ್ಚು, ಆದರೆ ಗಿರಾಕಿ ಎರಡು ದಿನದ ಗುಳಿಗೆ ಕೊಂಡು ಉರಿ ಕಡಿಮೆಯಾದೊಡನೆ ನಿಲ್ಲಿಸುತ್ತಾನೆ. ಅರೆಬರೆ ಡೋಸಿನಿಂದ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಗೊನೊರಿಯಾಕ್ಕೆ ಒಂದು ಕಾಲದಲ್ಲಿ ನೆಚ್ಚಿಕೊಂಡಿದ್ದ ಸಿಪ್ರೊಫ್ಲಾಕ್ಸಸಿನ್ ನಿರುಪಯುಕ್ತವಾದದ್ದರಲ್ಲಿ ಇಂಥ ತಪ್ಪು ಬಳಕೆಯ ಪಾಲೂ ಇದೆ.

ಬಣ್ಣದ ಪೊಟ್ಟಣಗಳು

ಈ ಗೊಂದಲಕ್ಕೆ ಸರ್ಕಾರ ಕಂಡುಕೊಂಡ ಪರಿಹಾರ ಲಕ್ಷಣ ಆಧಾರಿತ ಚಿಕಿತ್ಸೆ. ಪ್ರಯೋಗಾಲಯದ ವರದಿಗೆ ಕಾಯದೆ, ಲಕ್ಷಣವನ್ನು ನೋಡಿ, ಅದಕ್ಕೆ ಕಾರಣವಾಗಬಹುದಾದ ಎಲ್ಲ ರೋಗಾಣುಗಳಿಗೂ ಒಟ್ಟಿಗೆ ಔಷಧ ಕೊಡುವ ವಿಧಾನವಿದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನಾಕೊ, ಇದಕ್ಕಾಗಿ ಏಳು ಬಣ್ಣದ ಪೊಟ್ಟಣಗಳನ್ನು ರೂಪಿಸಿತು. ಮೂತ್ರನಾಳದ ಕೀವಿಗೆ ಬೂದು, ಯೋನಿಸ್ರಾವಕ್ಕೆ ಹಸಿರು, ಹುಣ್ಣಿಗೆ ಬಿಳಿ, ಪೆನಿಸಿಲಿನ್ ಒಗ್ಗದವರ ಹುಣ್ಣಿಗೆ ನೀಲಿ, ಹರ್ಪಿಸ್ ಗುಳ್ಳೆಗಳಿಗೆ ಕೆಂಪು, ಕಿಬ್ಬೊಟ್ಟೆ ನೋವಿಗೆ ಹಳದಿ, ತೊಡೆಸಂದಿನ ಗಡ್ಡೆಗೆ ಕಪ್ಪು.

ಬೂದು ಪೊಟ್ಟಣದೊಳಗೆ 1 ಗ್ರಾಂ ಅಜಿತ್ರೊಮೈಸಿನ್ ಮತ್ತು 400 ಮಿಲಿಗ್ರಾಂ ಸೆಫಿಕ್ಸಿಮ್ ಇರುತ್ತದೆ. ಎರಡನ್ನೂ ಒಮ್ಮೆಗೇ, ನರ್ಸಿನ ಎದುರೇ ನುಂಗಿಸುವುದು ಕ್ರಮ. ಅರ್ಧಕ್ಕೆ ಬಿಡುವ ಪ್ರಶ್ನೆಯೇ ಇಲ್ಲ. ಸಂಗಾತಿಗೂ ಚಿಕಿತ್ಸೆ ಕೊಡಬೇಕು. ಇಲ್ಲದಿದ್ದರೆ ಸೋಂಕು ಮನೆಯೊಳಗೇ ಸುತ್ತುತ್ತಿರುತ್ತದೆ. ಹಸಿರು ಪೊಟ್ಟಣದ ಸೆಕ್ನಿಡಜೋಲ್ ತೆಗೆದುಕೊಂಡವರು ಮದ್ಯ ಮುಟ್ಟಬಾರದು ಎಂದು ಲೇಬಲ್ಲೇ ಎಚ್ಚರಿಸುತ್ತದೆ. ಫೆಣಿಯ ನಾಡಿನಲ್ಲಿ ಈ ಸಾಲನ್ನು ಓದಿ ಹೇಳುವವರು ಇರಬೇಕು. ಬಿಳಿ ಪೊಟ್ಟಣದ ಪೆನಿಸಿಲಿನ್ ಚುಚ್ಚುಮದ್ದಂತೂ ಅಲರ್ಜಿಯನ್ನು ಎದುರಿಸಲು ಸಿದ್ಧತೆ ಇರುವಲ್ಲೇ ಕೊಡಬೇಕಾದ್ದು.

ಈ ಪೊಟ್ಟಣಗಳು ಉಚಿತ, ಆದರೆ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಮಾತ್ರ. ಜನ ಮೊದಲು ಹೋಗುವುದು ಮೆಡಿಕಲ್‌ಗೆ. ಉತ್ತಮ ಔಷಧ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ನಡುವೆ ಇರಬೇಕಾದ ಸೇತುವೆ ಒಂದು ಸಣ್ಣ ಚೀಟಿ: ಕೇಂದ್ರದ ಹೆಸರು, ವೇಳೆ, ಭೇಟಿಯಾಗಬೇಕಾದ ಆಪ್ತಸಮಾಲೋಚಕರ ಕೊಠಡಿ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ‘ಪ್ರಿವೆನ್’ ಎಂಬ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 20 ನಗರಗಳನ್ನು ಆರಿಸಿ, ಅವುಗಳಲ್ಲಿ 10ರಲ್ಲಿ ಔಷಧ ಅಂಗಡಿಯವರಿಗೇ ಲಕ್ಷಣ ಆಧಾರಿತ ಚಿಕಿತ್ಸೆಯ ತರಬೇತಿ ಕೊಡಲಾಯಿತು. ಜೊತೆಗೆ ಸಂಚಾರಿ ತಂಡಗಳೂ ಕಾಂಡೋಮ್ ಪ್ರಚಾರವೂ ಇದ್ದವು. 2012ರಲ್ಲಿ ಪ್ರಕಟವಾದ ಫಲಿತಾಂಶ ಮಿಶ್ರ: ಒಟ್ಟಾರೆ ಇಳಿಕೆ ಸಾಧಾರಣ, ಆದರೆ ಯುವತಿಯರಲ್ಲಿ ಮತ್ತು ಲೈಂಗಿಕ ಕಾರ್ಯಕರ್ತೆಯರಲ್ಲಿ ಸೋಂಕು ಗಮನಾರ್ಹವಾಗಿ ಇಳಿಯಿತು. ಪವಾಡವಲ್ಲ, ಪ್ರಯೋಜನ ಹೌದು.

ಸೂಜಿ, ಚಟ ಮತ್ತು ಮದ್ಯ

ಔಷಧ ಅಂಗಡಿಯ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರ ಸಾಕ್ಷಿ. 1980ರ ದಶಕದ ಆರಂಭದಲ್ಲಿ ಅಲ್ಲಿ ಹೆರಾಯಿನ್ ಚುಚ್ಚುವವರಿಗೆ ಸಿರಿಂಜ್ ಸಿಗದಂತೆ ಬಿಗಿ ಮಾಡಲಾಯಿತು. ಜನ ಚುಚ್ಚುವುದನ್ನು ಬಿಡಲಿಲ್ಲ. ಒಂದೇ ಸಿರಿಂಜನ್ನು ಹಂಚಿಕೊಂಡರು. 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಒಂದು ಬಡಾವಣೆಯ ಚುಚ್ಚುವವರಲ್ಲಿ ಅರ್ಧದಷ್ಟು ಮಂದಿಗೆ ಎಚ್‌ಐವಿ ಕಂಡುಬಂತು.

ಗೋವಾವನ್ನು 1961ರವರೆಗೆ ಆಳಿದ ಪೋರ್ಚುಗಲ್ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. 1993ರಲ್ಲಿ ಅಲ್ಲಿನ ಔಷಧ ಅಂಗಡಿಗಳ ಸಂಘ ಸರ್ಕಾರದೊಂದಿಗೆ ಸೇರಿ, ಬಳಸಿದ ಸಿರಿಂಜ್ ತಂದುಕೊಟ್ಟವರಿಗೆ ಹೊಸದನ್ನು ಕೊಡುವ ಕಾರ್ಯಕ್ರಮ ಆರಂಭಿಸಿತು. ‘ಸೆಕೆಂಡ್ ಹ್ಯಾಂಡ್ ಸಿರಿಂಜಿಗೆ ಇಲ್ಲ ಎನ್ನಿ’ ಎಂಬರ್ಥದ ಘೋಷಣೆ ದೇಶದ ಮೂಲೆಮೂಲೆಯ ಅಂಗಡಿಗಳಲ್ಲಿ ಕಾಣಿಸಿತು. ಪ್ರತ್ಯೇಕ ಕೇಂದ್ರ ಕಟ್ಟಲಿಲ್ಲ; ಇದ್ದ ಕೌಂಟರುಗಳೇ ಸಾಕಾದವು. ‘ಫಾರ್ಮಾಸಿಯಾ’ ಎಂಬ ಪದವನ್ನು ಉಳಿಸಿಕೊಂಡ ಗೋವಾ ಅದರ ಈ ಅಧ್ಯಾಯವನ್ನೂ ಓದಬಹುದಾಗಿತ್ತು.

ಭಾರತದಲ್ಲಿ ಸೂಜಿ ವಿನಿಮಯ ಮತ್ತು ಬದಲಿ ಔಷಧ ಚಿಕಿತ್ಸೆ ನಾಕೊದ ಕೇಂದ್ರಗಳ ಮೂಲಕ ನಡೆಯುತ್ತವೆ. ನಾಲಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಗುಳಿಗೆಯನ್ನು ಸಾಮಾನ್ಯ ಮೆಡಿಕಲ್‌ನಿಂದ ಕೊಡುವಂತಿಲ್ಲ. ಈ ನಿರ್ಬಂಧ ಸದ್ಯಕ್ಕೆ ಸರಿಯಾದದ್ದೇ. ಅಫೀಮು ವರ್ಗದ ಅತಿಸೇವನೆಯಿಂದ ಉಸಿರು ನಿಲ್ಲುವಾಗ ಕೆಲವೇ ನಿಮಿಷಗಳಲ್ಲಿ ಅದನ್ನು ಹಿಂದಿರುಗಿಸುವ ನಲೊಕ್ಸೋನ್ ಕೂಡ ಇಲ್ಲಿ ಚೀಟಿಯ ಔಷಧ. ಆಸ್ಟ್ರೇಲಿಯಾದಲ್ಲಿ 2022ರಿಂದ ಅದನ್ನು ಚೀಟಿ ಇಲ್ಲದೆ, ಉಚಿತವಾಗಿ ಔಷಧ ಅಂಗಡಿಗಳಲ್ಲೇ ಕೊಡಲಾಗುತ್ತಿದೆ.

ಗೋವಾದ ಹಳ್ಳಿಗಳಲ್ಲಿ ಸೂಜಿಗಿಂತ ದೊಡ್ಡ ಸಮಸ್ಯೆ ಮದ್ಯ. ಇಲ್ಲಿ ಮೆಡಿಕಲ್‌ಗೆ ಸಂಬಂಧಿಸಿದ ಒಂದು ಗುಪ್ತ ಪದ್ಧತಿಯಿದೆ. ಕುಡಿಯುವ ಗಂಡನಿಗೆ ತಿಳಿಯದಂತೆ ಡೈಸಲ್ಫಿರಾಮ್ ಗುಳಿಗೆಯನ್ನು ಪುಡಿಮಾಡಿ ಸಾರಿಗೋ ಚಹಾಕ್ಕೋ ಬೆರೆಸುವುದು. ಹೆಂಡತಿಯ ಹತಾಶೆ ಅರ್ಥವಾಗುವಂಥದ್ದೇ. ಆದರೆ ಈ ಔಷಧದ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ರೋಗಿಯ ಅರಿವು, ಒಪ್ಪಿಗೆ, ವೈದ್ಯರ ನಿಗಾ ಇಲ್ಲದೆ ಕೊಡಲೇಬಾರದು. 1996ರಲ್ಲಿ ಗೋವಾದಲ್ಲಿ ಆರಂಭವಾದ ‘ಸಂಗಾತ್’ ಸಂಸ್ಥೆ ಬೇರೆ ದಾರಿ ತೋರಿಸಿದೆ. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸುವ ಕೆಲವೇ ಸುತ್ತಿನ ಆಪ್ತಸಮಾಲೋಚನೆಯಿಂದ ಅಪಾಯಕರ ಕುಡಿತ ತಗ್ಗಬಲ್ಲದು ಎಂದು ತೋರಿಸಿದ ಅದರ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮಾತಿನ ತರಬೇತಿ ಸ್ಥಳೀಯರಿಗೆ ಸಾಧ್ಯವಾದರೆ ಔಷಧಶಾಸ್ತ್ರ ಓದಿದ ಫಾರ್ಮಸಿಸ್ಟರಿಗೆ ಅಸಾಧ್ಯವೇನಲ್ಲ.

ವಿಸ್ತರಣೆಯ ದಾರಿ ಮತ್ತು ಅಡ್ಡಿಗಳು

ಔಷಧ ಅಂಗಡಿಗೆ ಸಾರ್ವಜನಿಕ ಆರೋಗ್ಯದ ಹೊಣೆ ವಹಿಸಿದ ಮಾದರಿ ದೇಶದಲ್ಲಿ ಈಗಾಗಲೇ ಇದೆ. 2018ರಿಂದ ಕ್ಷಯದ ಔಷಧ ಮಾರುವ ಅಂಗಡಿಗಳು ಆ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಲೈಂಗಿಕ ಆರೋಗ್ಯಕ್ಕೆ ಇದೇ ಮಾದರಿಯನ್ನು ಹಾಗೆಯೇ ಎತ್ತಿ ತರುವಂತಿಲ್ಲ. ಇಲ್ಲಿ ಹೆಸರು ದಾಖಲಾಗುತ್ತದೆ ಎಂದರೆ ಗಿರಾಕಿ ಓಡಿಹೋಗುತ್ತಾನೆ. ಹೆಸರಿಲ್ಲದ ಚೀಟಿ, ಎಣಿಕೆ ಮಾತ್ರ ಇರುವ ಪುಸ್ತಕ ಸಾಕು.

ಅಡ್ಡಿಗಳಲ್ಲಿ ಮೊದಲನೆಯದು ಕೌಂಟರಿನ ಹಿಂದೆ ನಿಂತವರು ಯಾರು ಎಂಬುದು. ಗೋಡೆಯ ಮೇಲಿನ ಪ್ರಮಾಣಪತ್ರ ಒಬ್ಬರದು, ಔಷಧ ಕೊಡುವ ಹುಡುಗ ಇನ್ನೊಬ್ಬ ಎಂಬ ದೇಶವ್ಯಾಪಿ ರೋಗಕ್ಕೆ ಮದ್ದು ಕಂಡುಕೊಳ್ಳದೆ ಉಳಿದ ಮಾತೆಲ್ಲ ವ್ಯರ್ಥ. ಎರಡನೆಯದು ಭಾಷೆ. ಕೊಂಕಣಿ, ಮರಾಠಿ, ಹಿಂದಿ ಬಲ್ಲ ಫಾರ್ಮಸಿಸ್ಟರ ಎದುರು ಬಾಗಲಕೋಟೆಯ ಗೌಂಡಿ ಕೆಲಸದ ಹೆಣ್ಣುಮಗಳು ತನ್ನ ಮೈಯ ಸಂಗತಿಯನ್ನು ಬೆರಳು ತೋರಿಸಿ ಹೇಳಬೇಕಾಗುತ್ತದೆ. ಚಿತ್ರಗಳಿರುವ ಒಂದು ಕನ್ನಡ ಹಾಳೆ ಇದ್ದರೆ ಆ ಮುಜುಗರ ತಪ್ಪುತ್ತದೆ. ಮೂರನೆಯದು ಹದಿಹರೆಯದವರ ವಿಷಯ. ಪೋಕ್ಸೊ ಕಾಯ್ದೆಯಂತೆ 18 ತುಂಬದವರ ಲೈಂಗಿಕ ಸಂಪರ್ಕ ಅಪರಾಧ, ತಿಳಿದವರು ವರದಿ ಮಾಡಬೇಕು. ಮಕ್ಕಳ ರಕ್ಷಣೆಗೆ ಬಂದ ಈ ಕಾನೂನಿನ ಭಯದಿಂದ ಹದಿನೇಳರ ಹುಡುಗಿ ಸಲಹೆಯನ್ನೇ ಕೇಳದೆ ಹೋಗುತ್ತಾಳೆ. ಇದು ಅಂಗಡಿಯವರು ಬಿಡಿಸಬಲ್ಲ ಗಂಟಲ್ಲ.

ಇನ್ನು ವ್ಯಾಪಾರದ ಮಾತು. ಫಾರ್ಮಸಿಸ್ಟರ ಆದಾಯ ಬರುವುದು ಮಾರಾಟದ ಲಾಭದಿಂದ. ‘ಇದನ್ನು ಕೊಳ್ಳಬೇಡಿ, ಸರ್ಕಾರಿ ಕೇಂದ್ರಕ್ಕೆ ಹೋಗಿ’ ಎನ್ನುವುದು ಅವರ ಗಲ್ಲಾಪೆಟ್ಟಿಗೆಗೆ ನಷ್ಟ. ಕಳಿಸಿದ ಪ್ರತಿ ರೋಗಿಗೂ ಸಣ್ಣ ಗೌರವಧನ ಕೊಡದೆ ಬರೀ ಸೇವಾಭಾವವನ್ನು ನಂಬಿದ ಯೋಜನೆ ತರಬೇತಿ ಶಿಬಿರದ ಊಟದೊಂದಿಗೇ ಮುಗಿಯುತ್ತದೆ.

ಈ ಅಡ್ಡಿಗಳು ತೀರುವವರೆಗೆ ಕಾಯಲಾಗದ ಒಂದು ಕೆಲಸವಿದೆ. ಎಚ್‌ಐವಿ ಅಪಾಯಕ್ಕೆ ಒಡ್ಡಿಕೊಂಡವರಿಗೆ ಸೋಂಕು ತಡೆಯಬಲ್ಲ ಔಷಧವಿದೆ. ತುರ್ತು ಗುಳಿಗೆಯಂತೆ ಅದನ್ನೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ನುಂಗಬೇಕು. ಗೋವಾದಲ್ಲಿ ಇದಕ್ಕೆ ಬಾಂಬೊಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಳ್ಳಿಯ ಮೆಡಿಕಲ್ ಮಾಡಬೇಕಾದದ್ದು ಆ ಗಡುವನ್ನು ಹೇಳಿ ಕೂಡಲೇ ಹೊರಡಿಸುವುದು. ಏಡ್ಸ್ ಮತ್ತು ಲೈಂಗಿಕ ಸೋಂಕುಗಳ ಬಗ್ಗೆ ಯಾರು ಬೇಕಾದರೂ ಹೆಸರು ಹೇಳದೆ ಕೇಳಬಹುದಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1097. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ. ಅಂಗಡಿಯವರು ಈ ನಾಲ್ಕು ಅಂಕಿಗಳನ್ನು, ಗಿರಾಕಿ ಪಕ್ಕಕ್ಕೆ ಸರಿದು ನಿಲ್ಲುವ ಆ ಮೂಲೆಯಲ್ಲಿ, ಕನ್ನಡದಲ್ಲೂ ಬರೆದು ಅಂಟಿಸಲಿ.